ಸ್ಲೊವೇನಿಯನ್ ಭಾಷೆಯಲ್ಲಿ ‘ಎಲ್ಲಿ’ ಎಂದು ತಪ್ಪಿಲ್ಲದೆ ಹೇಳುವುದು ಹೇಗೆ: ಮೆಸ್ತ್ನಿಕ್ ವಿಭಕ್ತಿಗೆ ಹಂತ ಹಂತದ ಮಾರ್ಗದರ್ಶಿ

ಸ್ಲೊವೇನಿಯನ್ ಕಲಿಯುವ ಕನ್ನಡಿಗರು ಶುರುವಿನಲ್ಲೇ ಒಂದೇ ಜಾಗದಲ್ಲಿ ಎಡವುತ್ತಾರೆ. ‘ನಾನು ಲ್ಯುಬ್ಲ್ಯಾನಾದಲ್ಲಿದ್ದೇನೆ’ (ಸ್ಲೊವೇನಿಯಾದ ರಾಜಧಾನಿಯಲ್ಲಿ) ಎನ್ನಲು ‘ಸೆಮ್ ವ್ ಲ್ಯುಬ್ಲ್ಯಾನಾ’ ಅಂತಾರೆ. ಸರಿಯಾದದ್ದು ‘ಸೆಮ್ ವ್ ಲ್ಯುಬ್ಲ್ಯಾನಿ’. ‘ಸೆಮ್ ವ್ ಹೊತೆಲ್’ ಅಂತಾರೆ. ಆಗಬೇಕಿದ್ದದ್ದು ‘ಸೆಮ್ ವ್ ಹೊತೆಲು’. ಪ್ರತ್ಯಯಗಳ ಪಟ್ಟಿ ಬಾಯಿಪಾಠ ಮಾಡಿದವರೂ ಮಾತಾಡುವಾಗ ಹೀಗೇ ತಪ್ಪುತ್ತಾರೆ.

ಪಟ್ಟಿಯಲ್ಲಿ ತಪ್ಪಿಲ್ಲ, ಕ್ರಮದಲ್ಲಿ ತಪ್ಪಿದೆ. ಪದದ ಕೊನೆ ಏನಾಗಬೇಕು ಎಂಬುದು ಕೊನೆಗೆ ತೀರ್ಮಾನವಾಗುವ ಸಂಗತಿ. ಹೆಚ್ಚಿನವರು ಅದನ್ನೇ ಮೊದಲು ಹಿಡಿಯುತ್ತಾರೆ. ನಡೆಯಬೇಕಾದ ದಾರಿ ಹೀಗಿದೆ: ಮೊದಲು ಪ್ರಶ್ನೆ, ಆಮೇಲೆ ಪ್ರಿಪೊಸಿಷನ್ (ನಾಮಪದಕ್ಕಿಂತ ಮೊದಲು ಬರುವ ‘ವ್’ನಂಥ ಚಿಕ್ಕ ಪದ), ಆಮೇಲೆ ಪದದ ಲಿಂಗ, ಕೊನೆಗೆ ಪ್ರತ್ಯಯ. ಕೆಳಗಿನ ಹಂತಗಳೆಲ್ಲ ಅದೇ ಕ್ರಮದಲ್ಲಿವೆ. ನಡುವೆ ಹಾರಿ ಮುಂದೆ ಹೋಗಬೇಡಿ.

## ಮೊದಲು ಬೇಕಾಗುವ ಸಾಮಗ್ರಿ

ನಿಮ್ಮ ಪಠ್ಯಪುಸ್ತಕ ಯಾವುದಾದರೂ ಪರವಾಗಿಲ್ಲ. ಅದರ ಜೊತೆಗೆ ಮೂರು ಉಪಕರಣ ಇರಲಿ.

ಒಂದು, ‘ಫ್ರಾನ್’. ಇದು ಲ್ಯುಬ್ಲ್ಯಾನಾದ ಫ್ರಾನ್ ರಾಮೊವ್ಶ್ ಭಾಷಾ ಸಂಸ್ಥೆಯ ನಿಘಂಟುಗಳೆಲ್ಲ ಒಂದೇ ಕಡೆ ಸಿಗುವ ಉಚಿತ ಜಾಲತಾಣ. ಅದರಲ್ಲಿರುವ 2001ರ ‘ಸ್ಲೊವೆನ್ಸ್ಕಿ ಪ್ರಾವೊಪಿಸ್’ ಎಂಬ ಕಾಗುಣಿತ ಕೋಶ ನಿಮಗೆ ಜಾಸ್ತಿ ಉಪಯೋಗ. ಊರಿನ ಹೆಸರು ಹುಡುಕಿದರೆ ಅದರ ಹಿಂದೆ ‘ವ್’ ಬರುತ್ತದೋ ‘ನಾ’ ಬರುತ್ತದೋ ಅಲ್ಲೇ ಸಿಗುತ್ತದೆ.

ಎರಡು, ‘ಸ್ಲೊಲೆಕ್ಸ್’. ಪದ ಕೊಟ್ಟರೆ ಅದರ ಎಲ್ಲ ವಿಭಕ್ತಿ ರೂಪಗಳನ್ನೂ ತೋರಿಸುವ ಕೋಶ. ಇದೂ ಉಚಿತ.

ಮೂರು, ಎರಡು ಬಣ್ಣದ ಪೆನ್ನು ಮತ್ತು ಒಂದು ನೋಟ್‌ಬುಕ್. ಇದು ಯಾಕೆ ಎಂದು ಎರಡನೇ ಹಂತದಲ್ಲಿ ಗೊತ್ತಾಗುತ್ತದೆ.

ಮೊದಲಿನಿಂದ ಪಾಠದ ರೂಪದಲ್ಲಿ ಬೇಕೆನ್ನುವವರಿಗೆ ಲ್ಯುಬ್ಲ್ಯಾನಾ ವಿಶ್ವವಿದ್ಯಾಲಯ ನಡೆಸುವ ‘ಸ್ಲೊನ್‌ಲೈನ್’ ಎಂಬ ಉಚಿತ ಆನ್‌ಲೈನ್ ಕೋರ್ಸ್ ಇದೆ.

ಉದಾಹರಣೆಗಳನ್ನು ಇಲ್ಲಿ ಕನ್ನಡ ಅಕ್ಷರಗಳಲ್ಲಿ, ಆದಷ್ಟು ಮೂಲದ ಕಾಗುಣಿತಕ್ಕೆ ಹತ್ತಿರವಾಗಿ ಬರೆದಿದ್ದೇನೆ. ‘ತ್ಸ’ ಅಂದರೆ ಅಲ್ಲಿ ಒಂದೇ ಅಕ್ಷರ. ‘ಜ಼’ ಎಂದರೆ ‘ಸ’ವನ್ನು ಗಂಟಲು ನಡುಗಿಸಿ ಹೇಳುವುದು, ‘ಝ’ ಎಂದರೆ ‘ಶ’ವನ್ನು ಹಾಗೆ ಹೇಳುವುದು. ‘ವ್’ ಎಂಬ ಪ್ರಿಪೊಸಿಷನ್ ವ್ಯಂಜನದ ಹಿಂದೆ ಬಂದಾಗ ಚಿಕ್ಕ ‘ಉ’ದಂತೆ ಕೇಳುತ್ತದೆ, ಮುಂದಿನ ಪದಕ್ಕೆ ಅಂಟಿಕೊಂಡು ಬರುತ್ತದೆ. ‘ವ್ ಲ್ಯುಬ್ಲ್ಯಾನಿ’ ಅನ್ನುವುದು ಕಿವಿಗೆ ‘ಉಲ್ಯುಬ್ಲ್ಯಾನಿ’ ಎಂದೇ ಬೀಳುತ್ತದೆ. ಇದು ತಿಳಿಯದೆ ಎಷ್ಟೋ ಜನ ‘ಪ್ರಿಪೊಸಿಷನ್ ಹೇಳಲೇ ಇಲ್ಲವಲ್ಲ’ ಅಂದುಕೊಂಡು ತಾವೂ ಬಿಟ್ಟುಬಿಡುತ್ತಾರೆ.

## ಹಂತ 1: ಆರು ಪ್ರಿಪೊಸಿಷನ್‌ಗಳನ್ನು ಗಟ್ಟಿ ಮಾಡಿ

ಸ್ಲೊವೇನಿಯನ್‌ನಲ್ಲಿ ಆರು ವಿಭಕ್ತಿಗಳು. ಐದನೆಯದು ಮೆಸ್ತ್ನಿಕ್, ನಮ್ಮ ಸಪ್ತಮಿಗೆ ಹತ್ತಿರವಾದದ್ದು. ಅಲ್ಲಿನ ಶಾಲೆಗಳಲ್ಲಿ ಇದನ್ನು ‘ಪ್ರಿ ಕೊಮ್? ಪ್ರಿ ಚೆಮ್?’ ಎಂಬ ಪ್ರಶ್ನೆಯಿಂದ ಗುರುತಿಸಲು ಕಲಿಸುತ್ತಾರೆ. ಯಾರ ಬಳಿ, ಯಾವುದರ ಬಳಿ ಎಂದು.

ಆ ಪ್ರಶ್ನೆಯಲ್ಲೇ ಒಂದು ಪ್ರಿಪೊಸಿಷನ್ ಸೇರಿಕೊಂಡಿರುವುದನ್ನು ಗಮನಿಸಿ. ಮೆಸ್ತ್ನಿಕ್ ಯಾವತ್ತೂ ಒಂಟಿಯಾಗಿ ಬರುವುದಿಲ್ಲ. ನಮ್ಮಲ್ಲಿ ‘ಮನೆಯಲ್ಲಿ’ ಎಂದು ಪದಕ್ಕೆ ‘ಅಲ್ಲಿ’ ಅಂಟಿಸಿದರೆ ಮುಗಿಯಿತು. ಅಲ್ಲಿ ಪದದ ಹಿಂದೆ ಪ್ರಿಪೊಸಿಷನ್ ಬೇಕು, ಪದದ ಕೊನೆಯೂ ಬದಲಾಗಬೇಕು. ಎರಡರಲ್ಲಿ ಒಂದು ಬಿಟ್ಟರೂ ತಪ್ಪು.

ಮಾತಿನಲ್ಲಿ ಬೇಕಾಗುವುದು ಈ ಆರು:

1. ವ್: ಒಳಗೆ
2. ನಾ: ಮೇಲೆ, ಕೆಲವು ಜಾಗಗಳಿಗೆ ‘ಅಲ್ಲಿ’
3. ಪ್ರಿ: ಒಬ್ಬರ ಬಳಿ, ಒಬ್ಬರ ಮನೆಯಲ್ಲಿ
4. ಒಬ್: ಪಕ್ಕದಲ್ಲಿ, ಉದ್ದಕ್ಕೂ, ಗಂಟೆ ಹೇಳುವಾಗ
5. ಪೊ: ಆದ ಮೇಲೆ, ಉದ್ದಕ್ಕೂ, ಸುತ್ತಾಡುತ್ತಾ, ಫೋನ್, ಅಂಚೆ ಮೂಲಕ
6. ಒ: ಬಗ್ಗೆ

ಇವು ನಾಲಿಗೆಯ ತುದಿಯಲ್ಲಿ ಇರುವ ತನಕ ಪ್ರತ್ಯಯಗಳ ಕಡೆ ತಲೆ ಹಾಕಬೇಡಿ. ಆರರಲ್ಲಿ ‘ಪ್ರಿ’ ಮತ್ತು ‘ಒ’ ಸುಲಭ, ಏಕೆಂದರೆ ಮಾಮೂಲಿ ಬಳಕೆಯಲ್ಲಿ ಅವುಗಳ ನಂತರ ಬರುವುದು ಮೆಸ್ತ್ನಿಕ್ ಮಾತ್ರ. ಕಣ್ಣು ಮುಚ್ಚಿಕೊಂಡು ಪ್ರತ್ಯಯ ಹಾಕಬಹುದು. ಉಳಿದ ನಾಲ್ಕರ ಮುಂದೆ ಬೇರೆ ವಿಭಕ್ತಿಯೂ ಬರಬಹುದು. ಅದಕ್ಕೇ ಮುಂದಿನ ಹಂತ.

## ಹಂತ 2: ‘ಕ್ಯೆ’ಯೋ ‘ಕಾಮ್’ಓ, ಮೊದಲು ಕೇಳಿಕೊಳ್ಳಿ

ಅರ್ಧಕ್ಕಿಂತ ಹೆಚ್ಚು ತಪ್ಪುಗಳು ಹುಟ್ಟುವುದು ಇಲ್ಲೇ. ಹಾಗಾಗಿ ಇಲ್ಲಿ ನಿಧಾನ ಮಾಡಿ.

‘ಕ್ಯೆ’ ಅಂದರೆ ಎಲ್ಲಿ. ‘ಕಾಮ್’ ಅಂದರೆ ಎಲ್ಲಿಗೆ. ‘ವ್’ ಮತ್ತು ‘ನಾ’ ಎರಡಕ್ಕೂ ಬರುತ್ತವೆ. ಉತ್ತರ ‘ಎಲ್ಲಿ’ ಎಂಬುದಕ್ಕಾದರೆ ಮೆಸ್ತ್ನಿಕ್, ‘ಎಲ್ಲಿಗೆ’ ಎಂಬುದಕ್ಕಾದರೆ ತೊಝಿಲ್ನಿಕ್, ಅಂದರೆ ನಮ್ಮ ದ್ವಿತೀಯಾ ವಿಭಕ್ತಿಗೆ ಸಮನಾದದ್ದು.

ಕಾಮ್ ಗ್ರೆಶ್? ಎಲ್ಲಿಗೆ ಹೋಗ್ತೀಯ? ಗ್ರೆಮ್ ವ್ ಲ್ಯುಬ್ಲ್ಯಾನೊ.
ಕ್ಯೆ ಸಿ? ಎಲ್ಲಿದ್ದೀಯ? ಸೆಮ್ ವ್ ಲ್ಯುಬ್ಲ್ಯಾನಿ.

ಗ್ರೆಮ್ ವ್ ಹೊತೆಲ್: ಹೋಟೆಲಿಗೆ ಹೋಗುತ್ತೇನೆ.
ಸೆಮ್ ವ್ ಹೊತೆಲು: ಹೋಟೆಲಿನಲ್ಲಿದ್ದೇನೆ.

‘ವ್ ಹೊತೆಲ್’ ಎಂಬ ರೂಪ ಭಾಷೆಯಲ್ಲಿ ಇದೆ, ಆದರೆ ಅದು ‘ಹೋಟೆಲಿಗೆ’. ‘ಸೆಮ್ ವ್ ಹೊತೆಲ್’ ಎಂದರೆ ಕೇಳುವವರಿಗೆ ‘ನಾನು ಹೋಟೆಲಿಗೆ ಇದ್ದೇನೆ’ ಎಂದಂತೆ ಕೇಳುತ್ತದೆ.

ಹಲವು ಪಠ್ಯಗಳು ‘ಚಲನೆ ಇದ್ದರೆ ತೊಝಿಲ್ನಿಕ್, ಇಲ್ಲದಿದ್ದರೆ ಮೆಸ್ತ್ನಿಕ್’ ಎಂದು ಹೇಳಿಕೊಡುತ್ತವೆ. ಈ ಸೂತ್ರ ಅರ್ಧ ಮಾತ್ರ ಸರಿ. ‘ತೆಚೆಮ್ ವ್ ಪಾರ್ಕು’ ಎಂದರೆ ಪಾರ್ಕಲ್ಲಿ ಓಡುತ್ತೇನೆ. ಚಲನೆ ಇದೆ, ಆದರೂ ಮೆಸ್ತ್ನಿಕ್. ‘ತೆಚೆಮ್ ವ್ ಪಾರ್ಕ್’ ಎಂದರೆ ಪಾರ್ಕಿಗೆ ಓಡುತ್ತೇನೆ. ಹಾಗಾಗಿ ಕ್ರಿಯಾಪದ ನೋಡಬೇಡಿ. ಕನ್ನಡದಲ್ಲಿ ‘ಅಲ್ಲಿ’ ಬರುತ್ತಾ ‘ಗೆ’ ಬರುತ್ತಾ ಎಂದು ನೋಡಿ. ಬಹಳ ಸಲ ನಮ್ಮ ಭಾಷೆಯೇ ಸರಿಯಾದ ಉತ್ತರ ಕೊಡುತ್ತದೆ. ಈ ಅನುಕೂಲ ಇಂಗ್ಲಿಷ್ ಮೂಲಕ ಕಲಿಯುವವರಿಗೆ ಇಷ್ಟು ಸಲೀಸಾಗಿ ಸಿಗುವುದಿಲ್ಲ.

ಆದರೆ ಒಂದು ಗುಂಪಿನ ಕ್ರಿಯಾಪದಗಳಲ್ಲಿ ಕನ್ನಡ ನಮ್ಮನ್ನು ದಾರಿ ತಪ್ಪಿಸುತ್ತದೆ: ಇಡು, ಹಾಕು, ಕೂರು, ಬರೆ. ನಾವು ‘ಬ್ಯಾಗಲ್ಲಿ ಇಡು’ ಎನ್ನುತ್ತೇವೆ. ಸ್ಲೊವೇನಿಯನ್ನರಿಗೆ ಅದು ‘ಬ್ಯಾಗಿಗೆ’: ‘ದಾಯ್ ವ್ ತೊರ್ಬೊ’. ಇಟ್ಟಾದ ಮೇಲೆ ಅದು ‘ಬ್ಯಾಗಲ್ಲಿ’: ‘ಯೆ ವ್ ತೊರ್ಬಿ’. ಇನ್ನೂ ಮೂರು ಜೋಡಿ ನೋಡಿ.

ಕ್ನ್ಯಿಗೊ ದಾಮ್ ನಾ ಮಿಜ಼ೊ: ಪುಸ್ತಕವನ್ನು ಮೇಜಿನ ಮೇಲೆ ಇಡುತ್ತೇನೆ.
ಕ್ನ್ಯಿಗಾ ಯೆ ನಾ ಮಿಜ಼ಿ: ಪುಸ್ತಕ ಮೇಜಿನ ಮೇಲಿದೆ.

ಉಸೆದಿ ಸೆ ನಾ ಸ್ತೊಲ್: ಕುರ್ಚಿ ಮೇಲೆ ಕೂತ್ಕೊ.
ಸೆದಿಮ್ ನಾ ಸ್ತೊಲು: ಕುರ್ಚಿ ಮೇಲೆ ಕೂತಿದ್ದೇನೆ.

ಪಿಶೆಮ್ ವ್ ಜ಼್ವೆಜ಼ೆಕ್: ನೋಟ್‌ಬುಕ್ಕಿನಲ್ಲಿ ಬರೆಯುತ್ತಿದ್ದೇನೆ.
ವ್ ಜ಼್ವೆಜ಼್ಕು ಪಿಶೆ: ನೋಟ್‌ಬುಕ್ಕಿನಲ್ಲಿ ಬರೆದಿದೆ.

ಒಂದು ವಸ್ತು ಅಲ್ಲಿಗೆ ಹೋಗಿ ಸೇರುತ್ತಿದೆಯಾ? ತೊಝಿಲ್ನಿಕ್. ಆಗಲೇ ಸೇರಿಯಾಗಿದೆಯಾ? ಮೆಸ್ತ್ನಿಕ್.

ಈಗ ಆ ಎರಡು ಬಣ್ಣದ ಪೆನ್ನು ತೆಗೆಯಿರಿ. ಓದುವ ಪಾಠದಲ್ಲಿ ‘ಕ್ಯೆ’ಗೆ ಉತ್ತರವಾಗುವ ಪದಕ್ಕೆ ಒಂದು ಬಣ್ಣ, ‘ಕಾಮ್’ಗೆ ಉತ್ತರವಾಗುವುದಕ್ಕೆ ಇನ್ನೊಂದು ಬಣ್ಣ ಹಾಕಿ. ಪ್ರತ್ಯಯ ನೋಡಿ ಹಾಕುವುದಲ್ಲ, ಅರ್ಥ ನೋಡಿ ಹಾಕಬೇಕು. ಆಮೇಲೆ ಪ್ರತ್ಯಯ ಹೊಂದುತ್ತದಾ ಎಂದು ತಾಳೆ ನೋಡಿ. ಒಂದು ಪುಟದಲ್ಲಿ ತಪ್ಪಿಲ್ಲದೆ ಬಣ್ಣ ಹಾಕಲು ಬಂದರೆ ಮುಂದಕ್ಕೆ ಹೋಗಿ.

## ಹಂತ 3: ಏಕವಚನದ ಎರಡು ಪ್ರತ್ಯಯ

ಇಲ್ಲಿ ಒಳ್ಳೆಯ ಸುದ್ದಿ ಇದೆ. ಏಕವಚನಕ್ಕೆ ಕಲಿಯಬೇಕಾದ್ದು ‘ಉ’ ಮತ್ತು ‘ಇ’ ಎರಡೇ. ಕೆಲವು ದೇಶ, ಪ್ರಾಂತ್ಯಗಳ ಹೆಸರಿನ ಅಪವಾದ ಐದನೇ ಹಂತದಲ್ಲಿ ಬರುತ್ತದೆ.

ಪುಲ್ಲಿಂಗಕ್ಕೆ ಉ: ಹೊತೆಲ್, ವ್ ಹೊತೆಲು. ಪಾರ್ಕ್, ವ್ ಪಾರ್ಕು. ಕ್ರಾನ್ಯ್ ಎಂಬ ಊರು, ವ್ ಕ್ರಾನ್ಯು.

ನಪುಂಸಕಕ್ಕೂ ಉ: ಮೆಸ್ತೊ ಅಂದರೆ ನಗರ, ವ್ ಮೆಸ್ತು. ಮೊರ್ಯೆ ಅಂದರೆ ಸಮುದ್ರ, ನಾ ಮೊರ್ಯು. ತ್ಸೆಲ್ಯೆ ಎಂಬ ಊರು, ವ್ ತ್ಸೆಲ್ಯು.

ಸ್ತ್ರೀಲಿಂಗಕ್ಕೆ ಇ: ಹಿಶಾ ಅಂದರೆ ಮನೆ, ವ್ ಹಿಶಿ. ಶೊಲಾ ಅಂದರೆ ಶಾಲೆ, ವ್ ಶೊಲಿ. ಇಂದಿಯಾ, ವ್ ಇಂದಿಯಿ. ನಮ್ಮ ರಾಜ್ಯದ ಹೆಸರೂ ಇದೇ ದಾರಿಯಲ್ಲಿ ಹೋಗುತ್ತದೆ: ವ್ ಕಾರ್ನಾತಾಕಿ.

ವ್ಯಂಜನದಲ್ಲಿ ಮುಗಿಯುವ ಸ್ತ್ರೀಲಿಂಗ ಪದಗಳಿವೆ. ಅವಕ್ಕೂ ಇ. ವಾಸ್ ಅಂದರೆ ಹಳ್ಳಿ, ವ್ ವಾಸಿ. ಪೊತ್ ಅಂದರೆ ದಾರಿ, ನಾ ಪೊತಿ. ಕೊನೆಯ ವ್ಯಂಜನ ನೋಡಿ ಪುಲ್ಲಿಂಗ ಎಂದುಕೊಂಡು ‘ವ್ ವಾಸು’ ಎನ್ನುವುದು ಪದೇ ಪದೇ ಕಾಣುವ ತಪ್ಪು. ಅದಕ್ಕೇ ಹೊಸ ಪದ ಬರೆದುಕೊಳ್ಳುವಾಗ ಲಿಂಗವನ್ನೂ ಜೊತೆಗೇ ಬರೆಯಿರಿ. ಸ್ಲೊವೇನಿಯನ್‌ನಲ್ಲಿ ಮೇಜು ಸ್ತ್ರೀಲಿಂಗ, ಕುರ್ಚಿ ಪುಲ್ಲಿಂಗ. ಕನ್ನಡದ ಹಾಗೆ ಅರ್ಥದಿಂದ ಊಹಿಸಲು ಆಗದು.

ಲ್ಯುಬ್ಲ್ಯಾನಾದ ಸುತ್ತಮುತ್ತಲಿನ ಆಡುಮಾತಿನಲ್ಲಿ ಕೊನೆಯ ಒತ್ತಿಲ್ಲದ ‘ಇ’, ‘ಉ’ ಬಹಳ ಸಣ್ಣಗೆ ಕೇಳುತ್ತವೆ, ಕೆಲವೊಮ್ಮೆ ಕೇಳುವುದೇ ಇಲ್ಲ. ಕಿವಿಗೆ ಬೀಳಲಿಲ್ಲ ಎಂದು ಬರೆಯುವಾಗ ಬಿಡಬೇಡಿ. ಕಲಿಯುವ ಹಂತದಲ್ಲಿ ಪೂರ್ತಿ ಉಚ್ಚರಿಸಿ.

## ಹಂತ 4: ಪದದ ಹೊಟ್ಟೆಯಲ್ಲಿ ಆಗುವ ಬದಲಾವಣೆ

ಪ್ರತ್ಯಯ ಸರಿ ಇದ್ದೂ ಪದ ತಪ್ಪಾಗುವುದು ಇಲ್ಲಿ. ಇದನ್ನು ನಿಯಮವಾಗಿ ಬಾಯಿಪಾಠ ಮಾಡುವುದಕ್ಕಿಂತ ಪದದ ಜೊತೆಗೇ ಕಲಿಯುವುದು ವಾಸಿ.

ಕೊನೆಯ ‘ಎ’ ಬಿದ್ದುಹೋಗುವುದು: ಕೊಪೆರ್ ಎಂಬ ಬಂದರು ಪಟ್ಟಣ, ವ್ ಕೊಪ್ರು. ತ್ಸೆಂತೆರ್, ವ್ ತ್ಸೆಂತ್ರು. ಬೊವೆತ್ಸ್ ಎಂಬ ಊರು, ವ್ ಬೊವ್ತ್ಸು. ಸೆಸ್ತಾನೆಕ್ ಅಂದರೆ ಮೀಟಿಂಗ್, ನಾ ಸೆಸ್ತಾಂಕು. ಸ್ತ್ರೀಲಿಂಗದಲ್ಲೂ ಹೀಗಾಗುತ್ತದೆ: ತ್ಸೆರ್ಕೆವ್ ಅಂದರೆ ಚರ್ಚು, ವ್ ತ್ಸೆರ್ಕ್ವಿ.

‘ರ್’ ಕೊನೆಗೆ ‘ಯ್’ ಸೇರುವುದು: ಪಾಪಿರ್ ಅಂದರೆ ಕಾಗದ, ನಾ ಪಾಪಿರ್ಯು. ಪ್ರೊಫೆಸೊರ್, ಪ್ರಿ ಪ್ರೊಫೆಸೊರ್ಯು. ಯಾನುವಾರ್, ವ್ ಯಾನುವಾರ್ಯು. ಆದರೆ ಮಾರಿಬೊರ್ ಈ ಗುಂಪಿಗೆ ಸೇರದು: ವ್ ಮಾರಿಬೊರು. ಮಿರ್ ಅಂದರೆ ಶಾಂತಿ, ವ್ ಮಿರು. ಮೇಲೆ ‘ಎ’ ಬಿದ್ದುಹೋದ ಕೊಪೆರ್, ತ್ಸೆಂತೆರ್‌ಗಳಿಗೂ ‘ಯ್’ ಇಲ್ಲ. ಅನುಮಾನ ಬಂದಾಗ ಸ್ಲೊಲೆಕ್ಸ್ ತೆರೆಯಿರಿ.

ಸ್ವರದಲ್ಲಿ ಮುಗಿಯುವ ಪುಲ್ಲಿಂಗ: ಆವ್ತೊ ಅಂದರೆ ಕಾರು, ವ್ ಆವ್ತು. ತಾಕ್ಸಿ, ವ್ ತಾಕ್ಸಿಯು.

ನಪುಂಸಕದಲ್ಲಿ ಉದ್ದವಾಗುವ ಪದಗಳು: ಇಮೆ ಅಂದರೆ ಹೆಸರು, ವ್ ಇಮೆನು. ದ್ರೆವೊ ಅಂದರೆ ಮರ, ನಾ ದ್ರೆವೆಸು. ಕೊಲೊ ಅಂದರೆ ಸೈಕಲ್, ನಾ ಕೊಲೆಸು.

ಮನೆಯವರ ಹೆಸರುಗಳು ದಿನಾ ಬೇಕಾಗುವುದರಿಂದ ಬೇರೆಯಾಗಿ ಕಲಿಯಿರಿ: ಒಚೆ ಅಂದರೆ ಅಪ್ಪ, ಪ್ರಿ ಒಚೆತು. ಮಾತಿ ಅಂದರೆ ಅಮ್ಮ, ಪ್ರಿ ಮಾತೆರಿ. ಹ್ಚಿ ಅಂದರೆ ಮಗಳು, ಪ್ರಿ ಹ್ಚೆರಿ.

## ಹಂತ 5: ‘ವ್’ ಹಾಕುವುದೋ ‘ನಾ’ ಹಾಕುವುದೋ

ಇದಕ್ಕೆ ಪೂರ್ತಿ ತರ್ಕ ಹುಡುಕಬೇಡಿ. ಒಳಗೆ ಎಂಬ ಅರ್ಥಕ್ಕೆ ‘ವ್’, ಮೇಲೆ ಎಂಬ ಅರ್ಥಕ್ಕೆ ‘ನಾ’ ಎಂಬುದು ಕೋಣೆ, ಮೇಜಿಗೆಲ್ಲ ಸರಿ. ಕಚೇರಿ, ಊರು, ದೇಶಗಳ ವಿಷಯಕ್ಕೆ ಬಂದರೆ ರೂಢಿಯೇ ನಿಯಮ.

‘ವ್’ ಬರುವವು: ವ್ ಸ್ಲುಝ್ಬಿ ಅಂದರೆ ಕೆಲಸದಲ್ಲಿ, ವ್ ಬೊಲ್ನಿಶ್ನಿತ್ಸಿ ಅಂದರೆ ಆಸ್ಪತ್ರೆಯಲ್ಲಿ, ವ್ ಲೆಕಾರ್ನಿ ಅಂದರೆ ಔಷಧಿ ಅಂಗಡಿಯಲ್ಲಿ, ವ್ ತರ್ಗೊವಿನಿ ಅಂದರೆ ಅಂಗಡಿಯಲ್ಲಿ.

‘ನಾ’ ಬರುವವು: ನಾ ಪೊಶ್ತಿ ಅಂದರೆ ಅಂಚೆ ಕಚೇರಿಯಲ್ಲಿ, ನಾ ಪೊಸ್ತಾಯಿ ಅಂದರೆ ನಿಲ್ದಾಣದಲ್ಲಿ, ನಾ ಲೆತಾಲಿಶ್ಚು ಅಂದರೆ ವಿಮಾನ ನಿಲ್ದಾಣದಲ್ಲಿ, ನಾ ಫಾಕುಲ್ತೆತಿ ಅಂದರೆ ಕಾಲೇಜಿನಲ್ಲಿ. ವಾಸದ ಪರವಾನಗಿಗೆ ಹೊರದೇಶದವರು ಹೋಗಲೇಬೇಕಾದ ಕಚೇರಿಗೂ ‘ನಾ’: ನಾ ಉಪ್ರಾವ್ನಿ ಎನೊತಿ.

ಊರುಗಳಲ್ಲಿ ಹೆಚ್ಚಿನವಕ್ಕೆ ‘ವ್’. ಕೆಲವಕ್ಕೆ ಮಾತ್ರ ‘ನಾ’: ನಾ ಬ್ಲೆದು, ನಾ ಪ್ತುಯು, ನಾ ಯೆಸೆನಿತ್ಸಾಹ್. ವಿಯೆನ್ನಾಕ್ಕೆ ಅವರು ‘ದುನಾಯ್’ ಎನ್ನುತ್ತಾರೆ. ಅದಕ್ಕೂ ‘ನಾ’: ನಾ ದುನಾಯು. ಬ್ಲೆದ್‌ನಿಂದ ಸ್ವಲ್ಪವೇ ದೂರದ ಬೊಹಿನ್ಯ್‌ಗೆ ಮಾತ್ರ ‘ವ್’: ವ್ ಬೊಹಿನ್ಯು.

ದೇಶಗಳಿಗೆ ಒಂದು ಚೆನ್ನಾದ ಗುರುತು ಇದೆ. ಹೆಸರು ‘ಇಯಾ’ ಎಂದು ಮುಗಿದರೆ ‘ವ್’: ವ್ ಇತಾಲಿಯಿ, ವ್ ಆವ್ಸ್ತ್ರಿಯಿ. ‘ಸ್ಕಾ’ ಅಥವಾ ‘ಶ್ಕಾ’ ಎಂದು ಮುಗಿದರೆ ‘ನಾ’, ಪ್ರತ್ಯಯ ‘ಎಮ್’: ಹರ್ವಾಶ್ಕಾ ಅಂದರೆ ಕ್ರೊಯೇಷಿಯಾ, ನಾ ಹರ್ವಾಶ್ಕೆಮ್. ಕಿತಾಯ್ಸ್ಕಾ ಅಂದರೆ ಚೀನಾ, ನಾ ಕಿತಾಯ್ಸ್ಕೆಮ್. ಸ್ಲೊವೇನಿಯಾದೊಳಗಿನ ಪ್ರಾಂತ್ಯಗಳಿಗೂ ಇದೇ ಲೆಕ್ಕ: ನಾ ಗೊರೆನ್ಸ್ಕೆಮ್, ನಾ ಶ್ತಾಯೆರ್ಸ್ಕೆಮ್.

ಜಾಗಗಳನ್ನು ಮೂರು ಮೂರಾಗಿ ಕಲಿಯಿರಿ. ‘ವ್’ಗೆ ಜೋಡಿ ‘ಇಜ಼್’, ‘ನಾ’ಗೆ ಜೋಡಿ ‘ಸ್’ ಅಥವಾ ‘ಜ಼್’. ವ್ ಲ್ಯುಬ್ಲ್ಯಾನೊ, ವ್ ಲ್ಯುಬ್ಲ್ಯಾನಿ, ಇಜ಼್ ಲ್ಯುಬ್ಲ್ಯಾನೆ. ನಾ ಬ್ಲೆದ್, ನಾ ಬ್ಲೆದು, ಜ಼್ ಬ್ಲೆದಾ. ಅಲ್ಲಿಗೆ, ಅಲ್ಲಿ, ಅಲ್ಲಿಂದ. ಒಂದು ಸಲ ಹೀಗೆ ಕಲಿತರೆ ‘ಅಲ್ಲಿಂದ’ ಎನ್ನುವುದನ್ನು ಆಮೇಲೆ ಬೇರೆ ಕಲಿಯುವ ಕೆಲಸ ಉಳಿಯುವುದಿಲ್ಲ.

‘ಮನೆಯಲ್ಲಿ’ ಎನ್ನಲು ‘ದೊಮಾ’ ಎಂಬ ಬೇರೆ ಪದವೇ ಇದೆ. ‘ಮನೆಗೆ’ ಎಂದರೆ ‘ದೊಮೊವ್’. ‘ವ್ ದೊಮು’ ಎಂದರೆ ಹಾಸ್ಟೆಲಿನಲ್ಲಿ ಅಥವಾ ಆಶ್ರಮದಂಥ ಕಡೆ ಎಂದಾಗುತ್ತದೆ.

## ಹಂತ 6: ವಿಶೇಷಣ ಸೇರಿಸಿ

ನಾಮಪದ ಬದಲಾದರೆ ಅದರ ಹಿಂದಿನ ವಿಶೇಷಣವೂ ಬದಲಾಗಬೇಕು. ಕನ್ನಡದಲ್ಲಿ ‘ಹೊಸ’ ಎಂಬುದು ಎಲ್ಲ ಕಡೆ ‘ಹೊಸ’ವೇ. ಹಾಗಾಗಿ ನಮಗೆ ಇದು ಮರೆತೇ ಹೋಗುತ್ತದೆ.

ಪುಲ್ಲಿಂಗ, ನಪುಂಸಕಕ್ಕೆ ಎಮ್: ವ್ ನೊವೆಮ್ ಹೊತೆಲು. ಸ್ತ್ರೀಲಿಂಗಕ್ಕೆ ಇ: ವ್ ನೊವಿ ಹಿಶಿ. ‘ನನ್ನ’ ಎಂಬುದಕ್ಕೂ ಅದೇ: ವ್ ಮೊಯೆಮ್ ಹೊತೆಲು, ವ್ ಮೊಯಿ ಹಿಶಿ. ‘ಈ’ ಎನ್ನಲು: ವ್ ತೆಮ್ ಹೊತೆಲು, ವ್ ತೆಯ್ ಹಿಶಿ.

ಎರಡು ಪದದ ಊರುಗಳಲ್ಲಿ ಎರಡೂ ಬದಲಾಗುತ್ತವೆ: ನೊವೊ ಮೆಸ್ತೊ, ವ್ ನೊವೆಮ್ ಮೆಸ್ತು. ನೊವಾ ಗೊರಿತ್ಸಾ, ವ್ ನೊವಿ ಗೊರಿತ್ಸಿ. ಮುರ್ಸ್ಕಾ ಸೊಬೊತಾ, ವ್ ಮುರ್ಸ್ಕಿ ಸೊಬೊತಿ.

ಇಲ್ಲಿ ಎರಡು ಕಡೆ ಎಚ್ಚರ ಬೇಕು. ಏಕವಚನದ ನಾಮಪದದಲ್ಲಿ ಮೆಸ್ತ್ನಿಕ್ ಮತ್ತು ದಾಯಾಲ್ನಿಕ್, ಅಂದರೆ ನಮ್ಮ ಚತುರ್ಥಿ, ಒಂದೇ ಥರ ಕಾಣುತ್ತವೆ. ಪುಲ್ಲಿಂಗ, ನಪುಂಸಕದ ವಿಶೇಷಣದಲ್ಲಿ ಮಾತ್ರ ಬೇರೆ: ‘ಕ್ ನೊವೆಮು ಹೊತೆಲು’ ಎಂದರೆ ಹೊಸ ಹೋಟೆಲಿನ ಕಡೆಗೆ, ‘ವ್ ನೊವೆಮ್ ಹೊತೆಲು’ ಎಂದರೆ ಹೊಸ ಹೋಟೆಲಿನಲ್ಲಿ. ಇನ್ನೊಂದು, ‘ನೊವೆಮ್’ ಮತ್ತು ‘ನೊವಿಮ್’ ಗೊಂದಲ. ‘ಇಮ್’ ಬರುವುದು ಒರೊದ್ನಿಕ್‌ಗೆ, ನಮ್ಮ ತೃತೀಯಾಕ್ಕೆ: ಜ಼್ ನೊವಿಮ್ ಆವ್ತೊಬುಸೊಮ್, ಹೊಸ ಬಸ್ಸಿನಿಂದ.

ಈಗ ಒಂದು ವಾಕ್ಯವನ್ನು ಮೊದಲಿನಿಂದ ಕಟ್ಟೋಣ. ‘ನಾನು ಲ್ಯುಬ್ಲ್ಯಾನಾದಲ್ಲಿ ಹೊಸ ವಿದ್ಯಾರ್ಥಿ ನಿಲಯದಲ್ಲಿ ಇದ್ದೇನೆ.’ ಪ್ರಶ್ನೆ ಏನು? ಎಲ್ಲಿ, ಅಂದರೆ ‘ಕ್ಯೆ’. ಹಾಗಾದರೆ ಮೆಸ್ತ್ನಿಕ್. ಪ್ರಿಪೊಸಿಷನ್? ನಿಲಯಕ್ಕೂ ‘ವ್’, ಲ್ಯುಬ್ಲ್ಯಾನಾಕ್ಕೂ ‘ವ್’. ಲಿಂಗ? ‘ದೊಮ್’ ಪುಲ್ಲಿಂಗ, ಆದ್ದರಿಂದ ‘ದೊಮು’. ಲ್ಯುಬ್ಲ್ಯಾನಾ ಸ್ತ್ರೀಲಿಂಗ, ಆದ್ದರಿಂದ ‘ಲ್ಯುಬ್ಲ್ಯಾನಿ’. ವಿಶೇಷಣಗಳು ಪುಲ್ಲಿಂಗದ ‘ದೊಮ್’ಗೆ ಸೇರಿದವು, ಎರಡಕ್ಕೂ ‘ಎಮ್’. ಒಟ್ಟಾಗಿ: ‘ಝಿವಿಮ್ ವ್ ನೊವೆಮ್ ಶ್ತುದೆಂತ್ಸ್ಕೆಮ್ ದೊಮು ವ್ ಲ್ಯುಬ್ಲ್ಯಾನಿ.’

ಹೀಗೆ ನಿಮ್ಮ ಸ್ವಂತ ವಿಳಾಸ, ಕೆಲಸದ ಜಾಗ, ನಿಮ್ಮವರು ಇರುವ ಜಾಗ ಹೇಳುವ ವಾಕ್ಯಗಳನ್ನು ಕಟ್ಟಿ. ಪ್ರತಿ ಸಲವೂ ಇದೇ ಕ್ರಮದಲ್ಲಿ ಬಾಯಿಬಿಟ್ಟು ಕೇಳಿಕೊಳ್ಳಿ. ಶುರುವಿನಲ್ಲಿ ಬಹಳ ನಿಧಾನ ಅನ್ನಿಸುತ್ತದೆ. ಆದರೂ ಕ್ರಮ ಮುರಿಯಬೇಡಿ.

## ಹಂತ 7: ಬಹುವಚನ ಮತ್ತು ದ್ವಿವಚನ

ಸ್ಲೊವೇನಿಯನ್‌ನಲ್ಲಿ ದ್ವಿವಚನ ಇದೆ ಎಂದು ಕೇಳಿಯೇ ಜನ ಹೆದರುತ್ತಾರೆ. ಮೆಸ್ತ್ನಿಕ್ ಮಟ್ಟಿಗೆ ಆ ಹೆದರಿಕೆ ಬೇಡ. ನಾಮಪದ, ವಿಶೇಷಣಗಳ ದ್ವಿವಚನ ರೂಪ ಬಹುವಚನದ್ದೇ.

ಪುಲ್ಲಿಂಗ, ನಪುಂಸಕ: ಇಹ್. ವ್ ಹೊತೆಲಿಹ್, ವ್ ಮೆಸ್ತಿಹ್.
ಸ್ತ್ರೀಲಿಂಗ: ಆಹ್. ವ್ ಹಿಶಾಹ್.
ವಿಶೇಷಣ, ಎಲ್ಲ ಲಿಂಗಕ್ಕೂ: ಇಹ್. ವ್ ನೊವಿಹ್ ಹಿಶಾಹ್.
ಎರಡು ಎಂಬುದಕ್ಕೆ: ದ್ವೆಹ್. ವ್ ದ್ವೆಹ್ ಹಿಶಾಹ್.

‘ವ್ ನೊವಾಹ್ ಹಿಶಾಹ್’ ಎಂದು ಪ್ರಾಸ ಮಾಡಬೇಡಿ. ವಿಶೇಷಣ ಯಾವಾಗಲೂ ‘ಇಹ್’.

ಸುಮ್ನೆ ಕಲಿತುಬಿಡಬೇಕಾದ ಕ್ರಮತಪ್ಪಿದ ರೂಪಗಳು: ವ್ ವಾಸೆಹ್ ಅಂದರೆ ಹಳ್ಳಿಗಳಲ್ಲಿ, ಪ್ರಿ ಲ್ಯುದೆಹ್ ಅಂದರೆ ಜನರಲ್ಲಿ, ಪ್ರಿ ಒತ್ರೊತ್ಸಿಹ್ ಅಂದರೆ ಮಕ್ಕಳಲ್ಲಿ, ನಾ ತ್ಲೆಹ್ ಅಂದರೆ ನೆಲದ ಮೇಲೆ. ಕೆಲವು ಊರ ಹೆಸರುಗಳೇ ಬಹುವಚನದಲ್ಲಿವೆ. ದೊಮ್ಝಾಲೆ, ವ್ ದೊಮ್ಝಾಲಾಹ್. ಮೇಲೆ ಬಂದ ‘ನಾ ಯೆಸೆನಿತ್ಸಾಹ್’ ಕೂಡ ಇದೇ ಬಗೆ.

ಸರ್ವನಾಮಗಳನ್ನು ‘ಪ್ರಿ’ ಜೊತೆ ಸೇರಿಸಿಯೇ ಕಲಿಯಿರಿ: ಪ್ರಿ ಮೆನಿ, ಪ್ರಿ ತೆಬಿ, ಪ್ರಿ ನ್ಯೆಮ್, ಪ್ರಿ ನ್ಯೆಯ್; ಪ್ರಿ ನಾಸ್, ಪ್ರಿ ವಾಸ್, ಪ್ರಿ ನ್ಯಿಹ್. ಇಲ್ಲಿ ಮಾತ್ರ ದ್ವಿವಚನ ಬೇರೆ: ಪ್ರಿ ನಾಮಾ, ಪ್ರಿ ವಾಮಾ, ಪ್ರಿ ನ್ಯಿಮಾ. ‘ಪ್ರಿ ನಾಸ್’ ಬಹಳ ಬಳಕೆಯ ಮಾತು. ನಮ್ಮ ಮನೆಯಲ್ಲಿ, ನಮ್ಮ ಕಡೆ ಎಂಬ ಎರಡೂ ಅರ್ಥಕ್ಕೆ ಬರುತ್ತದೆ.

## ಹಂತ 8: ಜಾಗ ಅಲ್ಲದ ಬಳಕೆಗಳು

ಮೆಸ್ತ್ನಿಕ್ ಜಾಗಕ್ಕೆ ಮಾತ್ರ ಎಂದುಕೊಂಡವರು ಇಲ್ಲಿ ಸಿಕ್ಕಿಬೀಳುತ್ತಾರೆ.

‘ಒ’, ಬಗ್ಗೆ: ಗೊವೊರಿಮ್ ಒ ಫಿಲ್ಮು, ಸಿನಿಮಾ ಬಗ್ಗೆ ಮಾತಾಡುತ್ತೇನೆ. ‘ಯಾವುದರ ಬಗ್ಗೆ?’ ಎಂದು ಕೇಳಲು ‘ಒ ಚೆಮ್?’

‘ಪೊ’, ಆದ ಮೇಲೆ: ಪೊ ಕೊಸಿಲು, ಮಧ್ಯಾಹ್ನದ ಊಟ ಆದ ಮೇಲೆ. ಉದ್ದಕ್ಕೂ, ಸುತ್ತಾಡುತ್ತಾ: ಪೊ ಮೆಸ್ತು. ಮೂಲಕ: ಪೊ ತೆಲೆಫೊನು, ಪೊ ಪೊಶ್ತಿ. ‘ನನ್ನ ಅಭಿಪ್ರಾಯದಲ್ಲಿ’ ಎನ್ನಲು ‘ಪೊ ಮೊಯೆಮ್ ಮ್ನೆನ್ಯು’. ಆದರೆ ತರಲು ಹೋಗುವುದಾದರೆ ತೊಝಿಲ್ನಿಕ್: ‘ಗ್ರೆಮ್ ಪೊ ಕ್ರುಹ್’ ಅಂದರೆ ಬ್ರೆಡ್ ತರಲು ಹೋಗುತ್ತೇನೆ.

‘ಪ್ರಿ’: ಪ್ರಿ ಜ಼್ದ್ರಾವ್ನಿಕು ಅಂದರೆ ಡಾಕ್ಟರ ಬಳಿ. ಡಾಕ್ಟರ ಬಳಿಗೆ ಹೋಗುವಾಗ ‘ಪ್ರಿ’ ಬರುವುದೇ ಇಲ್ಲ, ‘ಕ್’ ಬರುತ್ತದೆ: ಗ್ರೆಮ್ ಕ್ ಜ಼್ದ್ರಾವ್ನಿಕು. ಪ್ರತ್ಯಯ ಒಂದೇ ಥರ ಕಾಣುವುದರಿಂದ ಗೊಂದಲವಾಗುತ್ತದೆ. ‘ಕ್’ ಜೊತೆ ಬಂದದ್ದು ದಾಯಾಲ್ನಿಕ್.

‘ಒಬ್’: ಒಬ್ ರೆಕಿ ಅಂದರೆ ನದಿಯ ಪಕ್ಕ. ಗಂಟೆಗೂ ಇದೇ. ಕನ್ನಡದ ‘ಐದು ಗಂಟೆಗೆ’ ನೋಡಿ ಚತುರ್ಥಿ ಹುಡುಕಬೇಡಿ. ಒಬ್ ಎನಿಹ್, ದ್ವೆಹ್, ತ್ರೆಹ್, ಶ್ತಿರಿಹ್, ಪೆತಿಹ್, ಶೆಸ್ತಿಹ್, ಸೆದ್ಮಿಹ್, ಒಸ್ಮಿಹ್, ದೆವೆತಿಹ್, ದೆಸೆತಿಹ್, ಎನಾಯ್ಸ್ತಿಹ್, ದ್ವಾನಾಯ್ಸ್ತಿಹ್. ಇದನ್ನು ಒಂದೇ ಉಸಿರಲ್ಲಿ ಹೇಳಲು ಬರಬೇಕು. ‘ಒಬ್ ಪೊಲ್ ಪೆತಿಹ್’ ಎಂದರೆ ನಾಲ್ಕೂವರೆಗೆ, ಐದೂವರೆಗೆ ಅಲ್ಲ. ಅಪಾಯಿಂಟ್‌ಮೆಂಟ್ ಇರುವ ದಿನ ಇದನ್ನು ತಪ್ಪು ತಿಳಿದರೆ ಒಂದು ಗಂಟೆ ತಡವಾಗುತ್ತದೆ.

ವಾರದ ದಿನಕ್ಕೆ ‘ವ್’ ಬಂದರೂ ಮೆಸ್ತ್ನಿಕ್ ಅಲ್ಲ: ವ್ ಪೊನೆದೆಲ್ಯೆಕ್, ಸೋಮವಾರ. ಅದು ತೊಝಿಲ್ನಿಕ್. ‘ಪ್ರತಿ ಶನಿವಾರ’ ಎನ್ನುವಾಗ ಮಾತ್ರ ಮೆಸ್ತ್ನಿಕ್: ಒಬ್ ಸೊಬೊತಾಹ್. ತಿಂಗಳಿಗೆ ಮೆಸ್ತ್ನಿಕ್ ನಡೆಯುತ್ತದೆ: ವ್ ಯಾನುವಾರ್ಯು.

## ಹಂತ 9: ನಮ್ಮ ‘ಅಲ್ಲಿ’, ‘ಹತ್ತಿರ’, ‘ಮೇಲೆ’ಗಳನ್ನು ಜರಡಿ ಹಿಡಿಯಿರಿ

ಕನ್ನಡದ ‘ಅಲ್ಲಿ’ ಬಹಳ ಕೆಲಸ ಮಾಡುತ್ತದೆ. ಅದರಲ್ಲಿ ಜಾಗ ಹೇಳುವ ಕೆಲಸವನ್ನು ಮಾತ್ರ ಮೆಸ್ತ್ನಿಕ್‌ಗೆ ಕೊಡಿ.

‘ಬಸ್ಸಲ್ಲಿ ಹೋಗ್ತೀನಿ’ ಎಂದಾಗ ಬಸ್ಸು ಸಾಧನ: ಗ್ರೆಮ್ ಜ಼್ ಆವ್ತೊಬುಸೊಮ್. ‘ಬಸ್ಸಲ್ಲಿ ಇದ್ದೀನಿ’ ಎಂದಾಗ ಅದು ಜಾಗ: ಸೆಮ್ ನಾ ಆವ್ತೊಬುಸು. ‘ಪೆನ್ಸಿಲಲ್ಲಿ ಬರಿ’ ಎಂಬುದೂ ಸಾಧನವೇ: ಸ್ ಸ್ವಿಂಚ್ನಿಕೊಮ್. ಪರೀಕ್ಷೆ ಸುಲಭ. ‘ಅಲ್ಲಿ’ ತೆಗೆದು ‘ಇಂದ’ ಹಾಕಿ ನೋಡಿ. ಅರ್ಥ ಕೆಡದಿದ್ದರೆ ಅದು ಒರೊದ್ನಿಕ್.

‘ಅವರಲ್ಲಿ ಒಬ್ಬ’ ಎನ್ನಲು ‘ಎದೆನ್ ಒದ್ ನ್ಯಿಹ್’. ಇಲ್ಲಿ ಬಂದದ್ದು ‘ಒದ್’, ಮೆಸ್ತ್ನಿಕ್ ಅಲ್ಲ. ‘ಅವನ ಹತ್ರ ಕೇಳು’, ಕರಾವಳಿ ಕಡೆಯವರ ‘ಅವರಲ್ಲಿ ಕೇಳಿ’, ಇವಕ್ಕೆ ಪ್ರಿಪೊಸಿಷನ್ನೇ ಬೇಡ: ವ್ಪ್ರಾಶಾಯ್ ಗಾ.

‘ನನ್ನ ಹತ್ರ ಕಾರಿದೆ’ ಎಂಬುದನ್ನು ‘ಪ್ರಿ ಮೆನಿ’ ಎಂದು ಶುರು ಮಾಡಬೇಡಿ. ‘ಇಮಾಮ್ ಆವ್ತೊ’ ಎಂದರೆ ಸಾಕು.

‘ನಿನ್ನ ಮೇಲೆ ಕೋಪ’ ಎಂಬಲ್ಲಿ ‘ನಾ’ ಬರುತ್ತದೆ, ಆದರೆ ತೊಝಿಲ್ನಿಕ್ ಜೊತೆ: ಯೆಜ಼ೆನ್ ಸೆಮ್ ನಾತೆ. ‘ಊಟ ಆದ ಮೇಲೆ’ ಎಂಬ ‘ಮೇಲೆ’ಗೆ ‘ನಾ’ ಹಾಕಿದರೆ ಊಟದಲ್ಲಿ ಇದ್ದೇವೆ ಎಂದಾಗುತ್ತದೆ. ‘ನಾ ಕೊಸಿಲು’ ಅಂದರೆ ಊಟಕ್ಕೆ ಕೂತಿರುವುದು, ‘ಪೊ ಕೊಸಿಲು’ ಅಂದರೆ ಊಟ ಮುಗಿದ ಮೇಲೆ.

## ದಾರಿ ತಪ್ಪಿದ್ದೀರಿ ಎನ್ನುವ ಸೂಚನೆಗಳು

ನೀವು ‘ಎಲ್ಲಿದ್ದೇನೆ’ ಎಂದು ಹೇಳಿದಾಗ ಎದುರಿನವರು ‘ಕಾಮ್?’ ಎಂದು ಮರುಪ್ರಶ್ನೆ ಹಾಕಿದರೆ ನೀವು ತೊಝಿಲ್ನಿಕ್ ಹೇಳಿದ್ದೀರಿ. ಎರಡನೇ ಹಂತಕ್ಕೆ ವಾಪಸ್ ಹೋಗಿ.

ಬರೆದ ವಾಕ್ಯದಲ್ಲಿ ಪ್ರಿಪೊಸಿಷನ್ ಇಲ್ಲದ ಮೆಸ್ತ್ನಿಕ್ ಕಂಡರೆ ಅದು ಖಂಡಿತ ತಪ್ಪು. ಇದಕ್ಕೆ ಅಪವಾದ ಇಲ್ಲ.

ಪಟ್ಟಿ ತುಂಬಿಸುವಾಗ ಎಲ್ಲ ಸರಿ, ಮಾತಾಡುವಾಗ ಎಲ್ಲ ತಪ್ಪು ಎಂದಾದರೆ ಪದಗಳನ್ನು ಒಂಟಿಯಾಗಿ ಕಲಿಯುತ್ತಿದ್ದೀರಿ. ‘ಪೊಶ್ತಾ’ ಎಂದು ಕಾರ್ಡಿನಲ್ಲಿ ಬರೆಯಬೇಡಿ. ‘ನಾ ಪೊಶ್ತೊ, ನಾ ಪೊಶ್ತಿ, ಸ್ ಪೊಶ್ತೆ’ ಎಂದು ಬರೆಯಿರಿ.

ಏಕವಚನ ಸರಾಗವಾಗುವ ಮೊದಲೇ ಬಹುವಚನಕ್ಕೆ ಹೋದರೆ ‘ಇಹ್’, ‘ಆಹ್’ಗಳು ಎಲ್ಲ ಕಡೆ ನುಗ್ಗಲು ಶುರುವಾಗುತ್ತವೆ. ‘ವ್ ಲ್ಯುಬ್ಲ್ಯಾನಾಹ್’ ಎಂದು ಬಾಯಿಗೆ ಬಂದರೆ ಏಳನೇ ಹಂತವನ್ನು ಕೆಲವು ದಿನ ಮುಚ್ಚಿಡಿ.

## ದಿನದ ಅಭ್ಯಾಸ

ಬೆಳಿಗ್ಗೆಯಿಂದ ಸಂಜೆಯವರೆಗೆ ನೀವಿರುವ ಪ್ರತಿ ಜಾಗದಲ್ಲಿ ‘ಕ್ಯೆ ಸೆಮ್?’ ಎಂದು ಕೇಳಿಕೊಂಡು ಉತ್ತರ ಹೇಳಿ: ವ್ ಸೊಬಿ (ಕೋಣೆಯಲ್ಲಿ), ವ್ ಕುಹಿನ್ಯಿ (ಅಡುಗೆಮನೆಯಲ್ಲಿ), ನಾ ಪೊಸ್ತಾಯಿ, ನಾ ಆವ್ತೊಬುಸು, ವ್ ಸ್ಲುಝ್ಬಿ. ಹೊರಡುವ ಮುಂಚೆ ‘ಕಾಮ್ ಗ್ರೆಮ್?’ ಎಂದು ಕೇಳಿಕೊಳ್ಳಿ: ವ್ ಕುಹಿನ್ಯೊ, ನಾ ಪೊಸ್ತಾಯೊ, ವ್ ಸ್ಲುಝ್ಬೊ. ಜಾಗ ಒಂದೇ, ಪ್ರಶ್ನೆ ಎರಡು, ಕೊನೆಯ ಸ್ವರ ಬೇರೆ. ಇದು ಸಲೀಸಾದ ಮೇಲೆ ಒಂದೊಂದು ವಿಶೇಷಣ ಸೇರಿಸಿ.

ರಾತ್ರಿ ಐದಾರು ವಾಕ್ಯ ಬರೆಯಿರಿ: ಎಷ್ಟು ಗಂಟೆಗೆ ಎಲ್ಲಿದ್ದೆ, ಯಾರ ಬಳಿ ಇದ್ದೆ, ಯಾವುದರ ಬಗ್ಗೆ ಮಾತಾಡಿದೆ. ಅನುಮಾನವಿರುವ ಪದಗಳಿಗೆ ಮಾತ್ರ ಗೆರೆ ಹಾಕಿ, ಬರೆದು ಮುಗಿದ ಮೇಲೆ ಸ್ಲೊಲೆಕ್ಸ್‌ನಲ್ಲಿ ನೋಡಿ. ಬರೆಯುತ್ತಿರುವಾಗಲೇ ನೋಡಿದರೆ ಆ ರೂಪ ತಲೆಯಲ್ಲಿ ನಿಲ್ಲುವುದಿಲ್ಲ.